ಅರ್ಮೇನಿಯಾಗೆ ಮನೆ ಕಟ್ಟಲು ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಊರು ಹಿರಿಯೂರು ಹತ್ತಿರ, ಕೆಲಸ ದುಬೈನಲ್ಲಿ. ಎರಡು ಬೇಸಿಗೆಯ ರಜೆಯಲ್ಲಿ ಅರ್ಮೇನಿಯಾದ ಶಿರಾಕ್ ಪ್ರಾಂತ್ಯಕ್ಕೆ ಹೋಗಿ, ಸ್ವಯಂಸೇವಕರ ತಂಡದ ಜೊತೆ ಮನೆ ಕಟ್ಟುವ ಕೆಲಸ ಮಾಡಿ ಬಂದೆ. ಅಂದಿನಿಂದ ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ವಿಚಾರಿಸುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಹೊರಡುವ ಮುಂಚೆ ಪೂರ್ತಿ ಓದಿಕೊಳ್ಳಿ.

ಇಷ್ಟು ದೇಶಗಳಿರುವಾಗ ಅರ್ಮೇನಿಯಾದಲ್ಲೇ ಯಾಕೆ ಮನೆ ಕಟ್ಟಬೇಕು?

1988ರ ಡಿಸೆಂಬರ್ 7. ಬೆಳಿಗ್ಗೆ 11 ಗಂಟೆ 41 ನಿಮಿಷ. ಮಕ್ಕಳು ಶಾಲೆಯಲ್ಲಿದ್ದರು, ದೊಡ್ಡವರು ಕೆಲಸದಲ್ಲಿದ್ದರು. ಉತ್ತರ ಅರ್ಮೇನಿಯಾದಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಸ್ಪಿತಾಕ್ ಪಟ್ಟಣ ಬಹುತೇಕ ನೆಲಸಮವಾಯಿತು. ಇವತ್ತಿನ ಗ್ಯೂಮ್ರಿ, ಆಗ ಲೆನಿನಾಕನ್, ಅದರ ದೊಡ್ಡ ಭಾಗ ಬಿದ್ದುಹೋಯಿತು. ಕನಿಷ್ಠ 25,000 ಜನ ಸತ್ತರು. ಸುಮಾರು ಐದು ಲಕ್ಷ ಜನಕ್ಕೆ ತಲೆ ಮೇಲೆ ಸೂರು ಇಲ್ಲದ ಹಾಗಾಯಿತು. ಅದೂ ಕಡುಚಳಿಗಾಲದ ಬಾಗಿಲಲ್ಲಿ.

ಎರಡು ವರ್ಷದಲ್ಲಿ ಎಲ್ಲ ಕಟ್ಟಿಕೊಡುತ್ತೇವೆ ಅಂತ ಸೋವಿಯತ್ ಸರ್ಕಾರ ಹೇಳಿತು. ಕೆಲಸ ಶುರುವೂ ಆಯಿತು. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟವೇ ಉಳಿಯಲಿಲ್ಲ. ಪಕ್ಕದ ಅಜರ್‌ಬೈಜಾನ್ ಜೊತೆ ಯುದ್ಧ ಬಂತು, ಗಡಿಗಳು ಮುಚ್ಚಿದವು, ಕರೆಂಟ್ ಇಲ್ಲ, ಗ್ಯಾಸ್ ಇಲ್ಲ. ಬ್ಯಾಂಕಿನಲ್ಲಿ ರೂಬಲ್ ಇಟ್ಟಿದ್ದವರ ಉಳಿತಾಯಕ್ಕೆ ಬೆಲೆಯೇ ಇಲ್ಲವಾಯಿತು. ಮನೆ ಕಟ್ಟಿ ನೋಡು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅಲ್ಲಿ ಒಂದಿಡೀ ತಲೆಮಾರು ಗೋಡೆ ಎಬ್ಬಿಸಿದಾಗ ದೇಶದ ಹಣೆಬರಹವೇ ಬದಲಾಯಿತು. ಹಾಗೆ ನಿಂತುಹೋದ ಮನೆಗಳನ್ನು ಇವತ್ತಿಗೂ ಹಳ್ಳಿ ಹಳ್ಳಿಯಲ್ಲಿ ನೋಡಬಹುದು. ನಾಲ್ಕು ಗೋಡೆ ಇರುತ್ತದೆ, ಚಾವಣಿ ಇರಲ್ಲ. ಒಳಗೆ ಹುಲ್ಲು ಬೆಳೆದಿರುತ್ತದೆ.

ಅದರ ಮೇಲೆ 2023ರ ಸೆಪ್ಟೆಂಬರ್‌ನಲ್ಲಿ, ಅಜರ್‌ಬೈಜಾನ್ ಜೊತೆ ಜಗಳವಿದ್ದ ನಾಗೊರ್ನೊ ಕರಬಾಖ್ ಅನ್ನುವ ಪ್ರದೇಶದಿಂದ ಒಂದು ಲಕ್ಷಕ್ಕೂ ಜಾಸ್ತಿ ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಎಲ್ಲ ಬಿಟ್ಟು ಬಂದರು. ಒಟ್ಟು ಜನಸಂಖ್ಯೆಯೇ ಮೂವತ್ತು ಲಕ್ಷದ ಆಸುಪಾಸಿನ ದೇಶ ಅದು. ಅವರಿಗೂ ಮನೆ ಬೇಕು.

ದೊಮಿಕ್ ಅಂದರೆ ಏನು? ಎಲ್ಲರೂ ಈ ಪದ ಹೇಳುತ್ತಾರೆ.

ರಷ್ಯನ್ ಭಾಷೆಯಲ್ಲಿ ಪುಟ್ಟ ಮನೆ ಅಂತ ಅರ್ಥ. ಭೂಕಂಪದ ನಂತರ ತಾತ್ಕಾಲಿಕ ವಸತಿ ಅಂತ ಕೊಟ್ಟ ಕಬ್ಬಿಣದ ಡಬ್ಬಿ, ಹಳೇ ರೈಲು ಡಬ್ಬಿ, ಕಂಟೇನರ್, ಇವಕ್ಕೆಲ್ಲ ದೊಮಿಕ್ ಅನ್ನುತ್ತಾರೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಜನ ಇದ್ದ ತಗಡಿನ ಶೆಡ್ ನೆನಪಿಸಿಕೊಳ್ಳಿ. ಈಗ ಅದರ ಹೊರಗೆ ಮೈನಸ್ 20 ಡಿಗ್ರಿ ಚಳಿ ಸೇರಿಸಿ. ಮೂವತ್ತು ವರ್ಷ ಕಳೆದರೂ ಅದರಲ್ಲೇ ಇದ್ದ ಕುಟುಂಬಗಳಿವೆ. ದೊಮಿಕ್‌ನಲ್ಲೇ ಹುಟ್ಟಿ, ದೊಮಿಕ್‌ನಲ್ಲೇ ಮದುವೆಯಾಗಿ, ಅಲ್ಲೇ ಮಕ್ಕಳನ್ನು ಹೆತ್ತವರನ್ನು ನಾನು ಕಂಡಿದ್ದೇನೆ.

ನಾವು ಕೆಲಸ ಮಾಡಿದ ಮೊದಲ ಮನೆಯವರದ್ದೂ ಅದೇ ಕತೆ. ಅಂಗಳದ ಒಂದು ತುದಿಯಲ್ಲಿ ಅರ್ಧ ಕಟ್ಟಿದ ಕಲ್ಲಿನ ಮನೆ, ಇನ್ನೊಂದು ತುದಿಯಲ್ಲಿ ದೊಮಿಕ್. ಒಳಗೆ ಕಾಲಿಟ್ಟರೆ ತುಕ್ಕು ಕಾಣದ ಹಾಗೆ ಗೋಡೆಗೆ ಕಂಬಳಿ ತೂಗುಹಾಕಿದ್ದರು. ನಡುವೆ ತಗಡಿನ ಒಲೆ, ಅದರ ಕೊಳವೆ ಕಿಟಕಿಯಿಂದ ಆಚೆ ಹೋಗಿತ್ತು. ಹೊರಗೆ ಬೆರಣಿಯ ರಾಶಿ. ಹೌದು, ಬೆರಣಿಯೇ. ಅಲ್ಲಿ ಅದಕ್ಕೆ ಅಥಾರ್ ಅನ್ನುತ್ತಾರೆ. ಮರ ಕಡಿಮೆ ಇರುವ ಬಯಲು ಅದು, ಚಳಿಗಾಲಕ್ಕೆ ಸಗಣಿಯೇ ಸೌದೆ. ನನ್ನ ಅಜ್ಜಿ ಹಿತ್ತಲ ಗೋಡೆಗೆ ಬೆರಣಿ ತಟ್ಟುತ್ತಿದ್ದದ್ದನ್ನು ಕೈಯಲ್ಲಿ ಮಾಡಿ ತೋರಿಸಿದೆ. ಆ ಮನೆಯ ಅಜ್ಜಿ ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಅಂಗೈ ಹಿಡಿದು ತಿರುಗಿಸಿ, ಹೀಗಲ್ಲ ಹೀಗೆ ಅಂತ ತಾವು ತಟ್ಟುವ ರೀತಿ ಹೇಳಿಕೊಟ್ಟರು. ನಮ್ಮಿಬ್ಬರ ನಡುವೆ ಆಗ ಒಂದೇ ಒಂದು ಪದವೂ ಇರಲಿಲ್ಲ.

ವಿಮಾನದ ದುಡ್ಡನ್ನೇ ಅವರಿಗೆ ಕಳಿಸಿದರೆ ಒಳ್ಳೆಯದಲ್ವಾ?

ಈ ಪ್ರಶ್ನೆ ಕೇಳಿದವರನ್ನು ನಾನು ಮೆಚ್ಚುತ್ತೇನೆ. ನೇರವಾಗಿ ಹೇಳುತ್ತೇನೆ: ಎರಡರಲ್ಲಿ ಒಂದೇ ಸಾಧ್ಯ ಅಂತಾದರೆ ದುಡ್ಡು ಕಳಿಸಿ. ಆ ದುಡ್ಡಿಗೆ ಸಿಮೆಂಟ್ ಬರುತ್ತದೆ, ಬಾಗಿಲು ಕಿಟಕಿ ಬರುತ್ತದೆ, ಅಲ್ಲಿಯ ಗಾರೆಯವರಿಗೆ ಕೂಲಿಯೂ ಸಿಗುತ್ತದೆ.

ಹೇಗೂ ರಜೆಗೆ ಎಲ್ಲಾದರೂ ಹೋಗುವವರಾದರೆ ಲೆಕ್ಕ ಬೇರೆ. ಸ್ವಯಂಸೇವಕರು ಕೊಡುವ ಶುಲ್ಕದಲ್ಲಿ ಒಂದು ಪಾಲು ಮನೆಯ ಸಾಮಾನಿಗೆ ಹೋಗುತ್ತದೆ, ಮೇಲಿನಿಂದ ಹತ್ತು ಜನರ ಕೈ. ಇನ್ನೊಂದು ಮಾತು ಆ ಮನೆಯ ಯಜಮಾನರೇ ಹೇಳಿದ್ದು. ಇಪ್ಪತ್ತು ವರ್ಷ ಆ ಗೋಡೆ ನೋಡಿ ನೋಡಿ ಅವರಿಗೆ ಅದರ ಮೇಲೆ ಆಸೆಯೇ ಹೋಗಿತ್ತಂತೆ. ಎಲ್ಲಿಂದಲೋ ಬಂದ ಜನ ಅಂಗಳದಲ್ಲಿ ನಿಂತು ಗಾರೆ ಕಲಸುವುದನ್ನು ನೋಡಿದ ಮೇಲೆ, ಸಂಜೆ ನಾವು ಹೋದ ನಂತರವೂ ಅವರು ತಮ್ಮ ತಮ್ಮನನ್ನು ಕರೆದುಕೊಂಡು ಕೆಲಸ ಮುಂದುವರಿಸುತ್ತಿದ್ದರು. ಹಣ ಕಳಿಸಿದ್ದರೆ ಇದು ಆಗುತ್ತಿತ್ತೋ ಇಲ್ಲವೋ. ಆಗಿದ್ದನ್ನು ಹೇಳಿದ್ದೇನೆ, ಅಷ್ಟೇ.

ಯಾವ ಸಂಸ್ಥೆಯ ಜೊತೆ ಹೋಗಬೇಕು?

ಅಲ್ಲಿ ವರ್ಷಗಟ್ಟಲೆ ಮನೆ ಕಟ್ಟಿದವರ ಜೊತೆ ಹೋಗಿ. ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ 2000ದಿಂದ ಅರ್ಮೇನಿಯಾದಲ್ಲಿದೆ. ಫುಲ್ಲರ್ ಸೆಂಟರ್ ಫಾರ್ ಹೌಸಿಂಗ್‌ಗೂ ಅಲ್ಲಿ ಶಾಖೆ ಇದೆ, ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸಿಕೊಡುವುದೇ ಅವರ ಮುಖ್ಯ ಕೆಲಸ. ಎರಡನ್ನೂ ಹುಟ್ಟುಹಾಕಿದವರು ಅಮೆರಿಕದ ಮಿಲರ್ಡ್ ಫುಲ್ಲರ್ ಮತ್ತು ಅವರ ಪತ್ನಿ. ಹ್ಯಾಬಿಟಾಟ್ 1976ರಲ್ಲಿ, ಫುಲ್ಲರ್ ಸೆಂಟರ್ 2005ರಲ್ಲಿ. ಹಳೇ ಚರ್ಚು, ಹಳೇ ಊರುಗಳನ್ನು ದುರಸ್ತಿ ಮಾಡುವ ಆಸೆ ಇದ್ದರೆ ಲ್ಯಾಂಡ್ ಆ್ಯಂಡ್ ಕಲ್ಚರ್ ಸಂಸ್ಥೆ ಬೇಸಿಗೆ ಶಿಬಿರ ನಡೆಸುತ್ತದೆ. ತಿಂಗಳುಗಟ್ಟಲೆ ಉಳಿಯುವವರಿಗೆ ಅರ್ಮೇನಿಯನ್ ವಾಲಂಟಿಯರ್ ಕೋರ್ ಇದೆ. ಬರ್ತ್‌ರೈಟ್ ಅರ್ಮೇನಿಯಾ ಅನ್ನುವುದು ಅರ್ಮೇನಿಯನ್ ಮೂಲದ ಯುವಜನರಿಗೆ ಮಾತ್ರ, ಅದಕ್ಕೆ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ.

ಆ ವರ್ಷ ಯಾವ ತಂಡ, ಯಾವ ತಾರೀಖು, ಶುಲ್ಕ ಎಷ್ಟು ಅನ್ನುವುದು ಬದಲಾಗುತ್ತಿರುತ್ತದೆ. ನೇರವಾಗಿ ಅವರಿಗೇ ಬರೆದು ಕೇಳಿ. ನಡುವೆ ಏಜೆಂಟ್ ಬೇಡ. ಮೊದಲ ಸಲ ನಾನು ಒಬ್ಬ ಮಧ್ಯವರ್ತಿಗೆ ಮುಂಗಡ ಕೊಟ್ಟು ಆ ದುಡ್ಡು ಕಳೆದುಕೊಂಡೆ. ನಿಮಗೆ ಹಾಗಾಗುವುದು ಬೇಡ.

ಬರೆಯುವಾಗ ಮೂರು ವಿಷಯ ಕೇಳಿಕೊಳ್ಳಿ. ನನ್ನ ಶುಲ್ಕದಲ್ಲಿ ಮನೆಗೆ ಹೋಗುವುದೆಷ್ಟು? ಕೆಲಸದ ಜಾಗದಲ್ಲಿ ಅನುವಾದಕರು ಇರುತ್ತಾರಾ? ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಎಲ್ಲಿ?

ಕುಟುಂಬಕ್ಕೆ ಮನೆ ಪುಕ್ಕಟೆ ಸಿಗುತ್ತದಾ?

ಸಾಮಾನ್ಯವಾಗಿ ಇಲ್ಲ. ಬಡ್ಡಿಯಿಲ್ಲದ ಸಾಲ, ಸಣ್ಣ ಸಣ್ಣ ಕಂತು. ಅವರು ಕಟ್ಟಿದ ಕಂತು ಮುಂದಿನ ಕುಟುಂಬದ ಮನೆಗೆ ಹೋಗುತ್ತದೆ. ಮನೆಯವರೂ ದಿನಾ ಕೆಲಸ ಮಾಡಬೇಕು. ಅದಕ್ಕೇ ಅವರನ್ನು ಪಾಪ ಅಂತ ನೋಡಬೇಡಿ. ಅವರು ಸಾಲ ಮಾಡಿ ತಮ್ಮ ಮನೆ ಕಟ್ಟಿಕೊಳ್ಳುತ್ತಿದ್ದಾರೆ, ನೀವು ಕೈಜೋಡಿಸಲು ಬಂದಿದ್ದೀರಿ.

ನನಗೆ ಗಾರೆ ಕೆಲಸದ ಗಂಧಗಾಳಿ ಇಲ್ಲ. ಬರಬಹುದಾ?

ಬರಬಹುದು. ಬಹಳಷ್ಟು ಜನ ಹಾಗೇ ಬರುತ್ತಾರೆ. ಮರಳು ಜರಡಿ ಹಿಡಿಯುವುದು, ಸಿಮೆಂಟ್ ಕಲಸುವುದು, ಬಕೆಟ್ ಹೊರುವುದು, ಕಲ್ಲು ಸಾಗಿಸುವುದು, ಪೈಪಿಗೆ ಗುಂಡಿ ತೋಡುವುದು, ಗೋಡೆ ಉಜ್ಜಿ ಬಣ್ಣ ಹೊಡೆಯುವುದು. ನಿಮ್ಮ ಪಾಲಿಗೆ ಬರುವುದು ಇವು. ಗೋಡೆಯ ಮಟ್ಟ, ಮೂಲೆ, ವೈರಿಂಗ್, ಚಾವಣಿ ಎಲ್ಲ ಅಲ್ಲಿಯ ಮೇಸ್ತ್ರಿಯದ್ದು. ಅವರನ್ನು ವಾರ್ಪೆತ್ ಅನ್ನುತ್ತಾರೆ. ಮೇಸ್ತ್ರಿ ಅಂತ ಅರ್ಥ, ಆದರೆ ಬರೀ ಗಾರೆಯವರಿಗಲ್ಲ, ದೊಡ್ಡ ಚಿತ್ರಕಾರನಿಗೂ ಗೌರವದಿಂದ ಹಾಗೇ ಕರೆಯುತ್ತಾರೆ. ನಮ್ಮಲ್ಲಿ ಸಂಗೀತಗಾರರಿಗೆ ಮೇಷ್ಟ್ರು ಅನ್ನುವ ಹಾಗೆ.

ಎರಡನೇ ದಿನ ನನಗೆ ಒಳಗೋಡೆಗೆ ಗಾರೆ ಎರಚುವ ಆಸೆಯಾಯಿತು. ವಾರ್ಪೆತ್ ಕರಣೆ ಕೊಟ್ಟರು. ಎರಚಿದೆ. ಅರ್ಧ ಗೋಡೆಗೆ, ಅರ್ಧ ನೆಲಕ್ಕೆ. ಅವರು ಏನೂ ಹೇಳಲಿಲ್ಲ. ನನ್ನ ಹಿಂದೆ ಬಂದು ನಿಂತು ನನ್ನ ಮಣಿಕಟ್ಟು ಹಿಡಿದರು. ಕರಣೆಯ ತುದಿಯಲ್ಲಿ ಸ್ವಲ್ಪವೇ ಗಾರೆ ತೆಗೆದರು. ತೋಳು ಅಲುಗಾಡಲಿಲ್ಲ, ಮಣಿಕಟ್ಟು ಮಾತ್ರ ಚಕ್ಕಂತ ತಿರುಗಿತು. ಗಾರೆ ಗೋಡೆಗೆ ಹಾಗೇ ಅಂಟಿತು, ಒಂದು ತೊಟ್ಟೂ ಬೀಳಲಿಲ್ಲ. ಕಮಾತ್ಸ್, ಜಾನ್, ಅಂದರು. ನಿಧಾನ ಕಣಪ್ಪಾ, ಅಂತ. ಸಂಜೆಯ ಹೊತ್ತಿಗೆ ನಾನು ಬಾಗಿಲ ಪಕ್ಕದ ಒಂದು ತುಂಡು ಗೋಡೆ ಮುಗಿಸಿದ್ದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅದರ ಮೇಲೆ ಅವರು ಇನ್ನೊಮ್ಮೆ ಮಟ್ಟಗೋಲು ಎಳೆದು ಸರಿ ಮಾಡಿದ್ದರು. ಹಾಗೆ ಮಾಡಲೇಬೇಕು. ಅದು ಅವರ ಊರಿನ ಮನೆ, ಐವತ್ತು ವರ್ಷ ನಿಲ್ಲಬೇಕಾದ ಗೋಡೆ. ಬೇಜಾರು ಮಾಡಿಕೊಳ್ಳದೆ ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.

ಅಲ್ಲಿಯ ಮನೆ ಕಟ್ಟುವ ಕಲ್ಲು ಗುಲಾಬಿ ಬಣ್ಣದ್ದಂತೆ, ನಿಜವಾ?

ನಿಜ. ಟಫ್ ಅನ್ನುವ ಕಲ್ಲು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆಗಿದ್ದು. ಗುಲಾಬಿ, ಕಿತ್ತಳೆ, ಕಪ್ಪು ಎಲ್ಲ ಬಣ್ಣದಲ್ಲೂ ಸಿಗುತ್ತದೆ. ರಾಜಧಾನಿ ಯೆರೆವಾನ್ ಗುಲಾಬಿ ನಗರ, ಗ್ಯೂಮ್ರಿಯ ಹಳೇ ಕಟ್ಟಡಗಳು ಹೆಚ್ಚಾಗಿ ಕಪ್ಪು. ನಮ್ಮ ಸೈಜುಗಲ್ಲು ಎತ್ತಿದವರಿಗೆ ಇದು ಹಗುರ ಅನಿಸುತ್ತದೆ. ತೂತು ತೂತಾಗಿರುತ್ತದೆ, ಗರಗಸದಲ್ಲೇ ಕೊಯ್ಯಬಹುದು.

ಭೂಕಂಪ ಕಲಿಸಿದ ಪಾಠವೂ ಈ ಗೋಡೆಗಳಲ್ಲಿದೆ. ಬರೀ ಕಲ್ಲು, ಗಾರೆಯಿಂದ ಎದ್ದ ಗೋಡೆ ಅಡ್ಡಡ್ಡ ಅಲುಗಾಟ ತಡೆಯಲಿಲ್ಲ. ಕಳಪೆ ಕಾಂಕ್ರೀಟಿನ ಒಂಬತ್ತು ಮಹಡಿಯ ಕಟ್ಟಡಗಳೂ ತಡೆಯಲಿಲ್ಲ. ಅದಕ್ಕೆ ಈಗ ಗೋಡೆಯ ಸುತ್ತ ಕಬ್ಬಿಣ ಹಾಕಿ ಕಾಂಕ್ರೀಟ್ ಪಟ್ಟಿ ಕಟ್ಟುತ್ತಾರೆ. ಕಂಬಿ ಕಟ್ಟುವ ಕೆಲಸ ಕೊಟ್ಟರೆ ಬೇಸರ ಅಂತ ಬೇಗ ಮುಗಿಸಬೇಡಿ. ಒಂದೊಂದು ಗಂಟನ್ನೂ ಬಿಗಿಯಾಗಿ ಹಾಕಿ.

ಮೈಯನ್ನು ಹೇಗೆ ತಯಾರು ಮಾಡಿಕೊಳ್ಳಬೇಕು?

ಹತ್ತು ಲೀಟರಿನ ಬಕೆಟ್ ತುಂಬ ಕಲಸಿದ ಗಾರೆ ಹಾಕಿದರೆ ಸುಮಾರು 20 ಕೆಜಿ ಆಗುತ್ತದೆ. ಅದಕ್ಕೇ ಅರ್ಧ ಬಕೆಟ್ ಸಾಕು, ನಾಚಿಕೆ ಬೇಡ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರೆ, ನಮ್ಮಲ್ಲಿ ಆರ್‌ಸಿಸಿ ಹಾಕುವ ದಿನ ಬಾಂಡ್ಲಿ ದಾಟಿಸುವ ಹಾಗೆಯೇ.

ಹೊರಡುವ ಆರು ವಾರ ಮುಂಚೆಯಿಂದ ದಿನಾ ಮೆಟ್ಟಿಲು ಹತ್ತಿ ಇಳಿಯಿರಿ. ಎರಡು ಕೈಯಲ್ಲೂ ನೀರಿನ ಬಕೆಟ್ ಹಿಡಿದು ನಡೆಯಿರಿ. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸುವ ಅಭ್ಯಾಸ ಮಾಡಿ. ಎಲ್ಲಕ್ಕಿಂತ ಒಳ್ಳೆಯದು, ನಿಮ್ಮ ಬೀದಿಯಲ್ಲೇ ಮನೆ ಕಟ್ಟುತ್ತಿರುವ ಮೇಸ್ತ್ರಿಯನ್ನು ಕೇಳಿಕೊಂಡು ಒಂದು ದಿನ ಅವರ ಜೊತೆ ಕೆಲಸ ಮಾಡಿ. ಸಲಿಕೆ ಹಿಡಿಯುವುದು ಹೇಗೆ ಅಂತ ಗೊತ್ತಾಗುತ್ತದೆ. ದಿನಾ ಈ ಕೆಲಸ ಮಾಡಿ ಬದುಕುವವರ ಮೈ ಎಷ್ಟು ನೋಯುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಸೆಪ್ಟೆಂಬರ್. ಚಳಿಗಾಲದಲ್ಲಿ ಗಾರೆ ಹೆಪ್ಪುಗಟ್ಟುತ್ತದೆ, ಕೆಲಸ ನಡೆಯುವುದಿಲ್ಲ. ಗ್ಯೂಮ್ರಿ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಹಗಲು ಚುರುಚುರು ಬಿಸಿಲು, ರಾತ್ರಿ ಸ್ವೆಟರ್ ಬೇಕು. ಯೆರೆವಾನ್ ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುತ್ತದೆ. ಗಾಳಿ ಒಣ. ಬೆವರು ಕಾಣಿಸುವ ಮುಂಚೆ ಆರಿಹೋಗುತ್ತದೆ, ಹಾಗಾಗಿ ಬಾಯಾರದಿದ್ದರೂ ನೀರು ಕುಡಿಯಿರಿ. ಇದೇ ಒಣಗಾಳಿಗೆ ಹೊಸ ಪ್ಲಾಸ್ಟರ್ ಬೇಗ ಒಣಗಿ ಬಿರುಕು ಬಿಡುತ್ತದೆ. ಗೋಡೆಗೆ ನೀರು ಚಿಮುಕಿಸುವ ಕೆಲಸ ಹೇಳಿದರೆ ಮರೆಯಬೇಡಿ.

ಜುಲೈನಲ್ಲಿ ಹೋದರೆ ವಾರ್ದವಾರ್ ಹಬ್ಬ ಸಿಗಬಹುದು. ಈಸ್ಟರ್ ಆಗಿ 98ನೇ ದಿನಕ್ಕೆ ಬರುತ್ತದೆ. ಊರಿಗೆ ಊರೇ ಒಬ್ಬರ ಮೇಲೊಬ್ಬರು ನೀರು ಸುರಿಯುತ್ತಾರೆ, ಥೇಟ್ ನಮ್ಮ ಓಕುಳಿ. ಅವತ್ತು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ.

ವೀಸಾ, ವಿಮಾನ, ದುಡ್ಡು?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆನ್‌ಲೈನಿನಲ್ಲೇ ವೀಸಾ ಸಿಗುತ್ತದೆ. 21 ದಿನದ್ದು, 120 ದಿನದ್ದು ಅಂತ ಎರಡು ಇವೆ. ಅರ್ಮೇನಿಯಾ ವಿದೇಶಾಂಗ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಿ. ಕೊಲ್ಲಿ ದೇಶಗಳಲ್ಲಿ ಇರುವವರಿಗೆ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ. ಸಂಸ್ಥೆಯಿಂದ ಆಹ್ವಾನ ಪತ್ರ ತರಿಸಿಕೊಂಡು ಜೊತೆಗಿಡಿ.

ಬೆಂಗಳೂರಿನಿಂದ ದುಬೈ, ಶಾರ್ಜಾ, ಅಬುಧಾಬಿ ಅಥವಾ ದೋಹಾ ಮೇಲಿಂದ ಹೋಗಬಹುದು. ದುಬೈನಿಂದ ಯೆರೆವಾನ್‌ಗೆ ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಗ್ಯೂಮ್ರಿ ಸುಮಾರು 120 ಕಿಲೋಮೀಟರ್, ರೈಲೂ ಇದೆ, ಮಾರ್ಶ್‌ರುತ್ಕಾ ಅನ್ನುವ ಮಿನಿಬಸ್ಸೂ ಇದೆ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ದುಡ್ಡು ದ್ರಾಮ್. ಒಂದು ರೂಪಾಯಿಗೆ ನಾಲ್ಕೈದು ದ್ರಾಮ್ ಲೆಕ್ಕ. ಹಳ್ಳಿಯಲ್ಲಿ ನಗದು ಇಟ್ಟುಕೊಂಡಿರಿ.

ಬ್ಯಾಗಿನಲ್ಲಿ ಏನು ಹಾಕಿಕೊಳ್ಳಲಿ?

ಮುಂಭಾಗಕ್ಕೆ ಸ್ಟೀಲ್ ಇರುವ ಸೇಫ್ಟಿ ಶೂ. ಅದನ್ನು ಬ್ಯಾಗಿಗೆ ಹಾಕಬೇಡಿ, ವಿಮಾನಕ್ಕೇ ಹಾಕಿಕೊಂಡು ಹೋಗಿ. ಒಂದು ಸಲ ನನ್ನ ಬ್ಯಾಗು ಮೂರು ದಿನ ತಡವಾಗಿ ಬಂತು, ಆ ಮೂರು ದಿನ ನನ್ನನ್ನು ಕಲ್ಲಿನ ಹತ್ತಿರಕ್ಕೂ ಬಿಡಲಿಲ್ಲ. ಗಟ್ಟಿ ಕೈಗವಸು ಎರಡು ಜೊತೆ, ಯಾಕೆಂದರೆ ಟಫ್ ಕಲ್ಲು ಅರದ ಹಾಗೆ ಉಜ್ಜುತ್ತದೆ. ಕಣ್ಣಿಗೆ ಕನ್ನಡಕ, ಎನ್95 ಮಾಸ್ಕ್, ಅಗಲವಾದ ಟೋಪಿ, ತುಂಬುತೋಳಿನ ಹತ್ತಿ ಅಂಗಿ. ಒಂದು ಸ್ವೆಟರ್. ಕೊಬ್ಬರಿ ಎಣ್ಣೆ, ಸಿಮೆಂಟಿಗೆ ಕೈ ಬಿರಿಯುತ್ತದೆ, ರಾತ್ರಿ ಹಚ್ಚಿಕೊಳ್ಳಲು. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಮೂರು ಪಿನ್ನಿನದ್ದಕ್ಕೆ ಅಡಾಪ್ಟರ್ ಬೇಕು.

ಕೆಲಸದ ಬಟ್ಟೆ ಹಳೇದೇ ಇರಲಿ. ಮನೆಗೆ ಊಟಕ್ಕೆ ಕರೆದಾಗ ಹಾಕಲು ಮಾತ್ರ ಒಂದು ಒಳ್ಳೇ ಜೊತೆ ಇಟ್ಟುಕೊಳ್ಳಿ. ಅವರು ನಿಮಗಾಗಿ ಅಚ್ಚುಕಟ್ಟಾಗಿ ಉಟ್ಟು ಕಾದಿರುತ್ತಾರೆ.

ಆರೋಗ್ಯ, ಅಪಾಯ?

ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ತೆಗೆಯುವಾಗ ಕಟ್ಟಡ ಕೆಲಸದಲ್ಲಿ ಆದ ಪೆಟ್ಟಿಗೂ ಅನ್ವಯಿಸುತ್ತದಾ ಅಂತ ಕೇಳಿ ಬರೆಸಿಕೊಳ್ಳಿ. ತುರ್ತು ನಂಬರ್ 911.

ಒಂದು ವಿಷಯ ಒತ್ತಿ ಹೇಳಬೇಕು. ಸೋವಿಯತ್ ಕಾಲದ ಚಾವಣಿಗಳ ಅಲೆ ಅಲೆ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ನಮ್ಮ ಹಳೇ ಆಸ್ಬೆಸ್ಟಾಸ್ ಶೀಟಿನ ಹಾಗೆಯೇ. ಅದನ್ನು ಒಡೆಯಬೇಡಿ, ಕೊಯ್ಯಬೇಡಿ, ಅದರ ಪುಡಿಯನ್ನು ಗುಡಿಸಬೇಡಿ. ಹಳೇ ಶೀಟು ತೆಗೆಯುವ ಕೆಲಸ ಕಂಡರೆ ಮೇಲ್ವಿಚಾರಕರಿಗೆ ಹೇಳಿ ದೂರ ನಿಲ್ಲಿ. ಆ ಧೂಳು ಇಪ್ಪತ್ತು ಮೂವತ್ತು ವರ್ಷ ಆದಮೇಲೆ ಶ್ವಾಸಕೋಶದಲ್ಲಿ ಕಾಯಿಲೆ ತರುತ್ತದೆ.

ಹಸಿ ಸಿಮೆಂಟ್ ಶೂ ಒಳಗೆ ಹೋದರೆ ಸುಡುತ್ತದೆ. ತಕ್ಷಣ ತೊಳೆಯಿರಿ, ಸಂಜೆಗೆ ಅಂತ ಬಿಡಬೇಡಿ. ಗಡಿಯ ಹತ್ತಿರದ ಊರುಗಳಿಗೆ ಸಂಸ್ಥೆಯವರನ್ನು ಕೇಳದೆ ಹೋಗಬೇಡಿ.

ನಾನು ಸಸ್ಯಾಹಾರಿ. ಊಟಕ್ಕೆ ಏನು ಮಾಡಲಿ?

ಮಾಂಸ ಜಾಸ್ತಿ ತಿನ್ನುವ ನಾಡು, ಖೊರೊವತ್ಸ್ ಅನ್ನುವ ಕೆಂಡದ ಮೇಲಿನ ಮಾಂಸ ಇಲ್ಲದೆ ಅತಿಥಿ ಸತ್ಕಾರವೇ ಇಲ್ಲ. ಆದರೂ ನೀವು ಉಪವಾಸ ಬೀಳುವುದಿಲ್ಲ. ಅವರ ಚರ್ಚಿನಲ್ಲಿ ವ್ರತದ ದಿನಗಳಿವೆ. ಆಗ ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟುವುದಿಲ್ಲ. ಆ ಊಟಕ್ಕೆ ಪಾಸ್ ಅನ್ನುತ್ತಾರೆ. ಸಸ್ಯಾಹಾರಿ ಅಂದರೆ ಅರ್ಥವಾಗದವರಿಗೂ ಪಾಸ್ ಅಂದರೆ ತಕ್ಷಣ ಅರ್ಥವಾಗುತ್ತದೆ. ಕಾಳು ತುಂಬಿ ಎಲೆಯಲ್ಲಿ ಸುತ್ತಿದ ಪಾಸುತ್ಸ್ ತೊಲ್ಮಾ, ಹುರುಳಿಕಾಯಿ ಪಲ್ಯದಂಥದ್ದು, ಸೊಪ್ಪು ತುಂಬಿದ ಝೆಂಗ್ಯಾಲೊವ್ ಹಾತ್ಸ್ ರೊಟ್ಟಿ. ಈ ಕೊನೆಯದು ಕರಬಾಖ್‌ನಿಂದ ಬಂದವರ ಕೈರುಚಿ, ಬಿಡಬೇಡಿ.

ಹಾಲು ಮೊಸರು ತಿನ್ನುವವರಿಗೆ ಸ್ವರ್ಗ. ಮಾತ್ಸೂನ್ ಅಂದರೆ ಮೊಸರು, ತಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಮೊಸರು, ಗೋಧಿ ಹಾಕಿ ಕುದಿಸಿದ ಸ್ಪಾಸ್ ಸೂಪು ಕುಡಿದರೆ ಮಜ್ಜಿಗೆಹುಳಿಯ ನೆನಪಾಗುತ್ತದೆ. ಖಾರ ಇರಲ್ಲ. ಚಟ್ನಿಪುಡಿ ಡಬ್ಬಿ ಒಯ್ಯಿರಿ, ಅವರಿಗೂ ರುಚಿ ತೋರಿಸಿ. ಲವಾಶ್ ಅನ್ನುವ ತೆಳ್ಳನೆ ರೊಟ್ಟಿಯನ್ನು ನೆಲದೊಳಗಿನ ತೊನಿರ್ ಒಲೆಯ ಗೋಡೆಗೆ ಬಡಿದು ಸುಡುತ್ತಾರೆ. 2014ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿದ ರೊಟ್ಟಿ ಅದು. ಹೆಂಗಸರು ಗುಂಪಾಗಿ ಕೂತು ಸುಡುವಾಗ ಹತ್ತಿರ ಹೋಗಿ ಕುಳಿತರೆ ಬಿಸಿಬಿಸಿ ಒಂದು ಕೈಗೆ ಬರುತ್ತದೆ.

ಯೆರೆವಾನ್‌ನಲ್ಲಿ ಮೆಡಿಕಲ್ ಓದುವ ಭಾರತದ ಹುಡುಗ ಹುಡುಗಿಯರು ತುಂಬ ಇದ್ದಾರೆ, ಹಾಗಾಗಿ ನಮ್ಮ ಊಟದ ಹೋಟೆಲುಗಳೂ ಇವೆ.

ಕುಡಿಯಲು ಒತ್ತಾಯ ಮಾಡುತ್ತಾರಾ?

ಪ್ರೀತಿಯಿಂದ ಮಾಡುತ್ತಾರೆ. ಮನೆಯಲ್ಲೇ ಇಳಿಸಿದ ಹಣ್ಣಿನ ಮದ್ಯ ಇರುತ್ತದೆ, ಪ್ರತಿ ಗ್ಲಾಸಿಗೂ ಒಂದು ಹಾರೈಕೆಯ ಮಾತು. ನೀವು ಕುಡಿಯದಿದ್ದರೆ ಎದೆಯ ಮೇಲೆ ಕೈಯಿಟ್ಟು ಬೇಡ ಅನ್ನಿ, ಜ್ಯೂಸಿನ ಗ್ಲಾಸ್ ಎತ್ತಿ. ಹಾರೈಕೆಯ ಮಾತು ನಡೆಯುವಾಗ ಮಾತ್ರ ತಿನ್ನುವುದು ನಿಲ್ಲಿಸಿ ಕೇಳಿ. ತೀರಿಹೋದವರ ಹೆಸರೂ ಆಗ ಬರುತ್ತದೆ.

ನಾಲ್ಕು ಮಾತು ಅರ್ಮೇನಿಯನ್ ಹೇಳಿಕೊಡಿ.

ಬಾರೆವ್ ಡ್ಜೆಜ್ ಅಂದರೆ ನಮಸ್ಕಾರ, ಹಿರಿಯರಿಗೆ. ಧನ್ಯವಾದಕ್ಕೆ ಶ್ನೊರಹಕಲುತ್ಯುನ್ ಅನ್ನಬೇಕು. ಉದ್ದ ಆಯಿತಾ? ಅವರೂ ದಿನಬಳಕೆಗೆ ಮೆರ್ಸಿ ಅನ್ನುತ್ತಾರೆ. ಜೂರ್ ಅಂದರೆ ನೀರು, ಅವಾಜ್ ಅಂದರೆ ಮರಳು, ಕಾರ್ ಅಂದರೆ ಕಲ್ಲು. ತಾತಿಕ್ ಅಂದರೆ ಅಜ್ಜಿ, ತಾತ ಅಲ್ಲ, ನೆನಪಿರಲಿ. ತಾತ ಅಂದರೆ ಪಾಪಿಕ್. ತಟ್ಟೆಗೆ ಬಡಿಸುತ್ತಲೇ ಇದ್ದರೆ ಹೆರಿಕ್ ಎ, ಅಂದರೆ ಸಾಕು. ಹೇಳಿದರೂ ನಿಲ್ಲಿಸುವುದಿಲ್ಲ. ಮಾಂಸ ತಿನ್ನುವುದಿಲ್ಲ ಅನ್ನಲು ಯೆಸ್ ಮಿಸ್ ಚೆಮ್ ಉತುಮ್.

ಹೆಸರಿನ ಕೊನೆಗೆ ಜಾನ್ ಸೇರಿಸಿದರೆ ಅಕ್ಕರೆ. ಇನ್ನೊಂದು ಮಾತು ತ್ಸಾವ್ತ್ ತಾನೆಮ್. ನಿನ್ನ ನೋವು ನಾನು ಒಯ್ಯುತ್ತೇನೆ ಅಂತ ಅದರ ಅರ್ಥ. ಮಕ್ಕಳಿಗೆ, ಅಂಗಡಿಗೆ ಬಂದವರಿಗೆ, ದಾರಿ ಕೇಳಿದವರಿಗೂ ಹಾಗನ್ನುತ್ತಾರೆ. ನಮ್ಮ ಅಜ್ಜಿಯರು ನೆಟಿಗೆ ಮುರಿಯುತ್ತಿದ್ದರಲ್ಲ, ಆ ಭಾವ. ಕಲ್ಲು ಬಿದ್ದು ನನ್ನ ಬೆರಳು ಜಜ್ಜಿದಾಗ ಆ ಮನೆಯ ಅಜ್ಜಿ ಬೆರಳಿಗೆ ಬಟ್ಟೆ ಸುತ್ತುತ್ತಾ ಅದೇ ಮಾತು ಹೇಳುತ್ತಲೇ ಇದ್ದರು.

ಅವರ ಲಿಪಿ ಬೇರೆ, ಕ್ರಿ.ಶ. 405ರಲ್ಲಿ ಮೆಸ್ರೊಪ್ ಮಾಶ್ತೊತ್ಸ್ ರೂಪಿಸಿದ್ದು. ನಿಮ್ಮ ಹೆಸರನ್ನು ಆ ಲಿಪಿಯಲ್ಲಿ ಬರೆಯಲು ಕಲಿತು ಹೋಗಿ. ಲಿಪಿಯ ಮೇಲೆ ಅವರಿಗೆ ಪ್ರಾಣ. ನೀವೂ ಅವರ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ, ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ.

ಉಡುಗೊರೆ ಏನು ಒಯ್ಯಲಿ?

ಸಣ್ಣದು. ಮೈಸೂರು ಸ್ಯಾಂಡಲ್ ಸೋಪು, ಚನ್ನಪಟ್ಟಣದ ಬೊಂಬೆ, ಕಾಫಿಪುಡಿ. ಅವರೂ ಕಾಫಿ ಜನವೇ, ದಿನಕ್ಕೆ ಐದಾರು ಸಲ ಸೂರ್ಚ್ ಕುಡಿಯುತ್ತಾರೆ, ಕುಡಿದಾದ ಮೇಲೆ ಬಟ್ಟಲು ಬೋರಲು ಹಾಕಿ ಗಸಿಯಲ್ಲಿ ಭವಿಷ್ಯ ನೋಡುತ್ತಾರೆ. ಹೂವು ಕೊಡುವುದಾದರೆ ಬೆಸ ಸಂಖ್ಯೆಯಲ್ಲಿ ಕೊಡಿ, ಸಮಸಂಖ್ಯೆ ಸಾವಿನ ಮನೆಗೆ. ನಾವು ಮುಯ್ಯಿಗೆ ನೂರಾ ಒಂದು ಇಡುವುದಿಲ್ವಾ, ಹಾಗೆ. ಕುಟುಂಬದ ಕೈಗೆ ದುಡ್ಡು ಮಾತ್ರ ಕೊಡಬೇಡಿ. ಅಕ್ಕಪಕ್ಕದ ಮನೆಗಳ ನಡುವೆ ಮನಸ್ತಾಪ ಬರುತ್ತದೆ. ಕೊಡಬೇಕು ಅನಿಸಿದರೆ ಸಂಸ್ಥೆಯ ಮೂಲಕ.

ಯಾವ ವಿಷಯದಲ್ಲಿ ಹುಷಾರಾಗಿರಬೇಕು?

1915ರಲ್ಲಿ ಒಟ್ಟೊಮನ್ ಆಳ್ವಿಕೆಯಲ್ಲಿ ಶುರುವಾದ ನರಮೇಧ ಅವರಿಗೆ ಹಳೇ ಇತಿಹಾಸ ಅಲ್ಲ. ಮುತ್ತಜ್ಜಿಯ ಕತೆ ಅದು, ಪ್ರತಿ ಮನೆಯಲ್ಲೂ ಇದೆ. ಪ್ರತಿ ವರ್ಷ ಏಪ್ರಿಲ್ 24ರಂದು ಯೆರೆವಾನ್‌ನ ತ್ಸಿತ್ಸೆರ್ನಕಬೆರ್ದ್ ಸ್ಮಾರಕಕ್ಕೆ ಜನಸಾಗರ ಹೋಗುತ್ತದೆ. ನೀವೂ ಕೆಲಸ ಶುರು ಮಾಡುವ ಮುಂಚೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಅವರು ಹೇಳಿದರೆ ಕೇಳಿ. ನೀವಾಗಿ ಎತ್ತಿ ವಾದ ಮಾಡಬೇಡಿ. ಕರಬಾಖ್ ವಿಷಯವೂ ಅಷ್ಟೇ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಮನೆಯಲ್ಲಿ ನೀವು ಕುಳಿತಿರಬಹುದು. ಗೋಡೆಯ ಮೇಲೆ ಸೈನಿಕನ ಉಡುಪಿನ ಹುಡುಗನ ಫೋಟೊ ಕಂಡರೆ ಸುಮ್ಮನೆ ಎದ್ದು ಅದರ ಮುಂದೆ ಒಂದು ಗಳಿಗೆ ನಿಲ್ಲಿ, ಸಾಕು.

ಅರಾರತ್ ಪರ್ವತ ಯೆರೆವಾನ್‌ನಿಂದ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಇರುವುದು ಟರ್ಕಿಯ ನೆಲದಲ್ಲಿ, ನಡುವಿನ ಗಡಿ ಮುಚ್ಚಿದೆ. ಅವರು ದಿನಾ ಅದನ್ನು ನೋಡುತ್ತಾರೆ, ನೇರವಾಗಿ ಹೋಗಲಾರರು. ಅದನ್ನು ಬರೀ ಸೆಲ್ಫಿ ಜಾಗ ಅಂತ ನೋಡಬೇಡಿ.

ಫೋಟೊ ತೆಗೆಯಬಹುದಾ?

ಕೇಳಿ ತೆಗೆಯಿರಿ. ದೊಮಿಕ್ ಒಳಗಿನದ್ದನ್ನು ಕರೆದರೂ ತೆಗೆಯಬೇಡಿ, ಇದು ನನ್ನ ಅಭಿಪ್ರಾಯ. ಕಷ್ಟದ ಮನೆಯನ್ನು ಬೇರೆಯವರು ಫೋನಿನಲ್ಲಿ ನೋಡುವುದು ಯಾರಿಗೂ ಇಷ್ಟವಾಗುವುದಿಲ್ಲ.

ಮಕ್ಕಳು, ವಯಸ್ಸಾದವರು ಬರಬಹುದಾ?

ಕನಿಷ್ಠ ವಯಸ್ಸು ಒಂದೊಂದು ಸಂಸ್ಥೆಯಲ್ಲಿ ಒಂದೊಂದು, ಕೇಳಿಕೊಳ್ಳಿ. ನಮ್ಮ ತಂಡದಲ್ಲಿ 68 ವರ್ಷದವರೊಬ್ಬರಿದ್ದರು. ದಿನಾ ಮರಳು ಜರಡಿ ಹಿಡಿಯುವುದು ಅವರದ್ದೇ ಕೆಲಸ. ಅವರು ಜರಡಿ ಹಿಡಿದ ಮರಳಿನಲ್ಲಿ ಒಂದು ಹರಳೂ ಇರುತ್ತಿರಲಿಲ್ಲ ಅಂತ ವಾರ್ಪೆತ್ ಕೊನೆಯವರೆಗೂ ಹೇಳುತ್ತಿದ್ದರು.

ರಜೆಯ ದಿನ ಎಲ್ಲಿಗೆ ಹೋಗಲಿ?

ಒಂದೇ ದಿನ ಇದ್ದರೆ ಸೆವಾನ್ ಸರೋವರದ ದಡದ ನೊರಾತುಸ್‌ಗೆ. ಖಾಚ್ಕಾರ್ ಅನ್ನುವ ಶಿಲುಬೆಗಲ್ಲುಗಳು ಅಲ್ಲಿ ನೂರಾರು ನಿಂತಿವೆ. ವೀರಗಲ್ಲು, ಮಾಸ್ತಿಗಲ್ಲು ನೋಡಿ ಬೆಳೆದವರಿಗೆ ಅವುಗಳ ನಡುವೆ ನಡೆಯುವುದು ಬೇರೆಯೇ ಅನುಭವ. ದಾರಿಯಲ್ಲಿ ಪುಲ್ಪುಲಾಕ್ ಕಾಣುತ್ತದೆ, ಸದಾ ನೀರು ಚಿಮ್ಮುವ ಪುಟ್ಟ ಕಲ್ಲಿನ ಕಾರಂಜಿ. ತೀರಿಹೋದವರ ನೆನಪಿಗೆ ಕಟ್ಟಿಸಿದವು ಎಷ್ಟೋ. ಬಗ್ಗಿ ಕುಡಿಯಿರಿ, ನಮ್ಮ ಅರವಟ್ಟಿಗೆಯ ನೀರಿನ ಹಾಗೇ ಅದು.

ಊರಿಗೆ ಬಂದ ಮೇಲೆ ಎಂದಾದರೂ ಚೆನ್ನೈಗೆ ಹೋದರೆ ಅರ್ಮೇನಿಯನ್ ಸ್ಟ್ರೀಟಿನ ಚರ್ಚನ್ನೂ ನೋಡಿ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ಅಜ್‌ದರಾರ್ 1794ರಲ್ಲಿ ಅಚ್ಚಾಗಿದ್ದು ಆ ಮದರಾಸಿನಲ್ಲೇ. ಈ ವಿಷಯವನ್ನು ನೀವು ಅರ್ಮೇನಿಯಾದಲ್ಲಿ ಹೇಳಿದರೆ ಅವರಿಗೆ ಬಹಳ ಖುಷಿ.

ನಾವಿರುವಾಗಲೇ ಮನೆ ಮುಗಿಯುತ್ತದಾ?

ಬಹುತೇಕ ಇಲ್ಲ. ಒಂದೆರಡು ವಾರದಲ್ಲಿ ಒಂದು ಹಂತ ಮುಗಿಯುತ್ತದೆ, ಮುಂದಿನ ತಂಡ ಅಲ್ಲಿಂದ ಹಿಡಿಯುತ್ತದೆ. ಅದಕ್ಕೆ ಮನಸ್ಸನ್ನು ಮೊದಲೇ ಒಗ್ಗಿಸಿಕೊಳ್ಳಿ. ಹೋಗುವ ದಿನ ಸಾಮಾನು ತೊಳೆದಿಟ್ಟು, ಉಳಿದ ಸಿಮೆಂಟ್ ಚೀಲಗಳನ್ನು ನೆನೆಯದ ಹಾಗೆ ಹಲಗೆ ಮೇಲೆ ಜೋಡಿಸಿ ಬನ್ನಿ.

ಮನೆ ಮುಗಿದಾಗ ಪಾದ್ರಿ ಬಂದು ಹರಸುತ್ತಾರೆ. ಮೇಜಿನ ಮೇಲೆ ರೊಟ್ಟಿ, ಉಪ್ಪು, ನೀರು ಇಟ್ಟಿರುತ್ತಾರೆ. ನಾವು ಹಾಲು ಉಕ್ಕಿಸುವ ಹಾಗೆ. ನಮ್ಮ ಮೊದಲ ಮನೆಯ ಆ ದಿನ ನಾನು ದುಬೈನಲ್ಲಿ ಆಫೀಸಿನಲ್ಲಿದ್ದೆ. ಅವರು ವಿಡಿಯೊ ಕಾಲ್ ಮಾಡಿದರು. ಅಜ್ಜಿ ಫೋನ್ ಹಿಡಿದುಕೊಂಡು ಒಂದೊಂದೇ ಕೋಣೆ ತೋರಿಸಿದರು. ಕೊನೆಗೆ ಬಾಗಿಲ ಪಕ್ಕದ ಆ ತುಂಡು ಗೋಡೆಯ ಹತ್ತಿರ ಬಂದು ಅಂಗೈಯಿಂದ ಅದನ್ನು ಎರಡು ಸಲ ತಟ್ಟಿದರು.